ಹೊಲಗೆಲಸಕ್ಕೆ ಹಳೆಯ ಗಾಡಿ

ಹೊಸ ವಸ್ತು ಪೇಟೆಗೆ ಬಂದೊಡನೆ ಹಳೆಯದನ್ನು ಮೂಲೆಗೆ ತಳ್ಳುವುದು ಲೋಕದ ವಾಡಿಕೆ. ಆದರೆ ಮೋಟಾರು ವಾಹನಗಳನ್ನು ಮನೆಮನೆಗೆ ಮುಟ್ಟಿಸಿದ ಅಮೆರಿಕ ದೇಶದಲ್ಲಿಯೇ ಈ ವಾಡಿಕೆಗೆ ಬೆನ್ನು ತಿರುಗಿಸಿದ ರೈತರಿದ್ದಾರೆ. ಹೊಲಗೆಲಸಕ್ಕೆ ಅವರು ಅರಸುವುದು ಹೊಸ ಪಿಕಪ್ ಲಾರಿಯನ್ನಲ್ಲ. ಇಪ್ಪತ್ತು ಮೂವತ್ತು ವರ್ಷ ದುಡಿದ ಹಳೆಯದನ್ನು. ಇದು ಬರಿಯ ಜಿಪುಣತನವೆ? ಚರಿತ್ರೆ ಬೇರೆ ಉತ್ತರ ಕೊಡುತ್ತದೆ.

1908ರಲ್ಲಿ ಹೆನ್ರಿ ಫೋರ್ಡನು ‘ಮಾಡೆಲ್ ಟಿ’ ಎಂಬ ಕಾರನ್ನು ಹೊರತಂದನು. ಅದರ ಬಲ 20 ಅಶ್ವಶಕ್ತಿ ಮಾತ್ರ. ಎಂಜಿನ್ನಿಗೆ ಪೆಟ್ರೋಲು ಹಾಯಿಸಲು ಪಂಪು ಕೂಡ ಇರಲಿಲ್ಲ. ತೊಟ್ಟಿಯಿಂದ ಅದು ತಾನಾಗಿ ಇಳಿದು ಬರಬೇಕು. ತೊಟ್ಟಿಯಲ್ಲಿ ಪೆಟ್ರೋಲು ಕಡಮೆಯಿದ್ದರೆ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿಯೇ ಏರಬೇಕು! ಆದರೂ ರೈತರು ಅದನ್ನು ಮೆಚ್ಚಿದರು. ಹಿಂಬದಿಗೆ ಮರದ ಪೆಟ್ಟಿಗೆ ಕೂಡಿಸಿ ಸರಕು ಸಾಗಿಸಿದರು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟು ತೊಡಿಸಿ ಸೌದೆ ಕೊಯ್ದರು, ಕಾಳು ಬೀಸಿದರು. ಕೊನೆಗೆ 1925ರಲ್ಲಿ ಫೋರ್ಡ್ ಕಂಪನಿಯೇ ಪೆಟ್ಟಿಗೆ ಜೋಡಿಸಿದ ಪಿಕಪ್ಪನ್ನು 281 ಡಾಲರಿಗೆ ಮಾರತೊಡಗಿತು. ಕೆಟ್ಟದ್ದನ್ನು ರೈತನೇ ಬಿಚ್ಚಿ ನೋಡಿ ಸರಿಪಡಿಸಿಕೊಳ್ಳಬಹುದಾಗಿತ್ತು.

ಕಾಲ ಬದಲಾಯಿತು. 1970ರ ಶುದ್ಧ ವಾಯು ಕಾಯಿದೆ ವಾಹನಗಳ ಹೊಗೆಗೆ ಕಡಿವಾಣ ಹಾಕಿತು. 1996ರ ಮಾದರಿಗಳಿಂದ ಮುಂದಕ್ಕೆ, ದೋಷವನ್ನು ತಾನೇ ಗುರುತಿಸುವ ಕಂಪ್ಯೂಟರ್ ವ್ಯವಸ್ಥೆ ಕಾರುಗಳಿಗೂ ಹಗುರ ಲಾರಿಗಳಿಗೂ ಕಡ್ಡಾಯವಾಯಿತು. ಹೊಗೆ ತಗ್ಗಿತು, ಪ್ರಯಾಣ ಹೆಚ್ಚು ಸುರಕ್ಷಿತವಾಯಿತು. ಇದೇನೂ ಸಣ್ಣ ಲಾಭವಲ್ಲ. ಆದರೆ ಸ್ಪ್ಯಾನರೊಂದರಿಂದ ಮುಗಿಯುತ್ತಿದ್ದ ಎಷ್ಟೋ ರಿಪೇರಿಗಳಿಗೆ ಈಗ ವಿಶೇಷ ಉಪಕರಣವೂ ತಂತ್ರಾಂಶವೂ ಬೇಕಾದವು. ಸುಗ್ಗಿಯ ನಡುವೆ ಗಾಡಿ ನಿಂತರೆ ದೂರದ ಪಟ್ಟಣದ ಕಾರ್ಖಾನೆಯವರು ಬರುವವರೆಗೆ ಬೆಳೆ ಕಾಯುವುದೆ, ಮೋಡ ಕಾಯುವುದೆ?

ಕೆಲವರ ದೃಷ್ಟಿ ಜಪಾನಿನತ್ತ ಹರಿಯಿತು. ಅಲ್ಲಿಯ ‘ಕೇ’ ಲಾರಿಯ ಉದ್ದ 3.4 ಮೀಟರನ್ನು ಮೀರದು. 1990ರಿಂದ ಈಚೆಗೆ ಅದರ ಎಂಜಿನ್ನಿನ ಮಿತಿ 660 ಸಿ.ಸಿ.; ಹೊರುವ ಭಾರ 350 ಕಿಲೋಗ್ರಾಂ. ಸರಕಿನ ಹಾಸು ತಗ್ಗಾಗಿದ್ದು ಮೂರು ಬದಿಯ ಹಲಗೆಗಳೂ ಕೆಳಕ್ಕೆ ಮಡಚುವುದರಿಂದ ಮೂಟೆ ಇಳಿಸುವುದು ಸುಲಭ. 25 ವರ್ಷ ತುಂಬಿದ ವಾಹನಕ್ಕೆ ಅಮೆರಿಕದ ಆಮದು ಸುರಕ್ಷತಾ ನಿಯಮಗಳಿಂದ ವಿನಾಯಿತಿಯುಂಟು. ಆ ಬಾಗಿಲಿನಿಂದ ಇವು ಒಳಗೆ ಬಂದವು. ಕೆಲವು ರಾಜ್ಯಗಳು ಮಾತ್ರ ಇವನ್ನು ಸಾರ್ವಜನಿಕ ರಸ್ತೆಗೆ ಬಿಡಲು ಹಿಂಜರಿದಿವೆ.

ವಿಷಯ ಶಾಸನಸಭೆಗಳನ್ನೂ ಮುಟ್ಟಿತು. ರಿಪೇರಿಗೆ ಬೇಕಾದ ಮಾಹಿತಿಯನ್ನೂ ಉಪಕರಣವನ್ನೂ ತಯಾರಕರು ಒದಗಿಸಬೇಕೆಂಬ ಕಾನೂನನ್ನು ಮ್ಯಾಸಚೂಸೆಟ್ಸಿನ ಮತದಾರರು 2012ರಲ್ಲಿ ಮೋಟಾರು ವಾಹನಗಳ ಬಗ್ಗೆ ಅಂಗೀಕರಿಸಿದರು. ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿಯಂತ್ರಗಳಿಗೂ ಅಂಥದೇ ಕಾನೂನನ್ನು ಮಾಡಿತು.

ಹಳೆಯದೆಲ್ಲ ಹೊನ್ನಲ್ಲ. ಹೆದ್ದಾರಿಯಲ್ಲಿ ಸಂಸಾರ ಸಮೇತ ಸಾಗುವವನಿಗೆ ಹೊಸ ಗಾಡಿಯೇ ಲೇಸು. ಹೊಲದ ಮಾತು ಬೇರೆ. ಅಲ್ಲಿ ವೇಗಕ್ಕಿಂತಲೂ ವೈಭವಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದಿದೆ: ಹಣ ತೆತ್ತು ಕೊಂಡ ಯಂತ್ರಕ್ಕೆ ಒಡೆಯನಾರು, ಕೊಂಡವನೋ, ಮಾಡಿದವನೋ? ಹಳೆಯ ಪಿಕಪ್ಪನ್ನು ಕಾಪಾಡಿಕೊಂಡ ರೈತ ತನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಹೇಳಿದ್ದಾನೆ.