ಒಮೆಗಾ ಸೆಂಟಾರಿ: ತೆಂಕಣ ಬಾನಿನ ತಾರಾಗುಚ್ಛ

ಕುಮಟಾದಿಂದ ಭಟ್ಕಳದವರೆಗೆ ಯಾವ ಕಡಲತಡಿಯಲ್ಲಿ ನಿಂತರೂ ಇದು ಕಾಣುತ್ತದೆ. ಮೇ ಮಧ್ಯಭಾಗ, ಬೆಳದಿಂಗಳಿಲ್ಲದ ರಾತ್ರಿ, ಹತ್ತೂವರೆಯ ಹೊತ್ತು. ಕಡಲಿಗೆ ಮುಖ ಮಾಡಿ ಎಡಕ್ಕೆ ತಿರುಗಿ. ತ್ರಿಶಂಕು ನಕ್ಷತ್ರಪುಂಜದಿಂದ ಎಡಮೇಲಕ್ಕೆ, ದಿಗಂತದಿಂದ ಸುಮಾರು 28 ಡಿಗ್ರಿ ಎತ್ತರದಲ್ಲಿರುವ ಮಸುಕು ಚುಕ್ಕೆಯನ್ನು ಹುಡುಕಿ. ಬೈನಾಕ್ಯುಲರ್ ಹಿಡಿದರೆ ಅದು ದುಂಡನೆಯ ಬೆಳಕಿನ ಉಂಡೆಯಾಗುತ್ತದೆ.

ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛವಿದು. ದೂರ ಸುಮಾರು 17,000 ಜ್ಯೋತಿರ್ವರ್ಷ. ವಯಸ್ಸು ಸುಮಾರು 1,200 ಕೋಟಿ ವರ್ಷ.

ಸಾಮಾನ್ಯ ಗೋಳಗುಚ್ಛದ ನಕ್ಷತ್ರಗಳಲ್ಲಿ ಕಬ್ಬಿಣದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇಲ್ಲಿ ಹಾಗಿಲ್ಲ. ಕೆಲವು ತಾರೆಗಳಲ್ಲಿ ಸೂರ್ಯನಲ್ಲಿರುವುದರ ನೂರರಲ್ಲೊಂದು ಪಾಲು, ಕೆಲವುಗಳಲ್ಲಿ ಕಾಲು ಪಾಲು. ಹಳೆಯ ನಕ್ಷತ್ರಗಳು ಸಿಡಿದು ಚೆಲ್ಲಿದ ಲೋಹ ಮುಂದಿನ ತಲೆಮಾರುಗಳಿಗೆ ಸೇರಿದೆ. ಇಲ್ಲಿನ ಲೋಹಸಮೃದ್ಧ ದೈತ್ಯ ತಾರೆಗಳಲ್ಲಿ ಹೀಲಿಯಂ ಕೂಡ ಹೆಚ್ಚಿರುವುದನ್ನು ರೋಹಿತದಲ್ಲಿ ಗುರುತಿಸಿದವರು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಎಂಬುದು ಹೆಮ್ಮೆಯ ಸಂಗತಿ.

ಗುಚ್ಛದ ಕಕ್ಷೆಯೂ ವಿಶೇಷ: ಆಕಾಶಗಂಗೆ ತಿರುಗುವ ದಿಕ್ಕಿಗೆ ಎದುರಾಗಿ ಸುತ್ತುತ್ತದೆ. ಈ ಎಲ್ಲ ಲಕ್ಷಣಗಳಿಂದಾಗಿ ಇದನ್ನು, ಬಹು ಹಿಂದೆ ಆಕಾಶಗಂಗೆ ಸೆಳೆದು ನುಂಗಿದ ಪುಟ್ಟ ಗ್ಯಾಲಕ್ಸಿಯೊಂದರ ಉಳಿದ ತಿರುಳು ಎಂದು ಖಗೋಳಜ್ಞರು ಪರಿಗಣಿಸುತ್ತಾರೆ.