ಹುಲ್ಲುಗಾವಲಿನ ಮೇಲಿನ ಆಕಾಶ

1984ರ ಏಪ್ರಿಲ್ 3ರಂದು ರಾಕೇಶ್ ಶರ್ಮರು ಬೈಕನೂರಿನಿಂದ ವ್ಯೋಮಕ್ಕೇರಿದ್ದನ್ನು ಕೇಳುಗರು ಬಲ್ಲರು. ಆದರೆ ಬೈಕನೂರೆಂಬುದು ಎರವಲು ಹೆಸರು. ಆ ಹೆಸರಿನ ಮೂಲ ಊರು ನೂರಾರು ಕಿಲೋಮೀಟರ್ ಆಚೆಯದು. 1955ರಲ್ಲಿ ಸೋವಿಯತ್ ಸರ್ಕಾರ ಉಡಾವಣಾ ಕೇಂದ್ರವನ್ನು ಕಟ್ಟತೊಡಗಿದ್ದು ಕಜಕ್ ಬಯಲಿನ ತ್ಯುರತಾಮ್ ರೈಲು ನಿಲ್ದಾಣದ ಬಳಿ. ಲೋಕದ ಕಣ್ಣಿಗೆ ಮಣ್ಣೆರಚಲು ಹೆಸರನ್ನು ಬದಲಿಸಿದರು. ನೆಲದ ಹೆಸರಿನೊಡನೆ ಅಲ್ಲಿ ದನಕುರಿ ಮೇಯಿಸಿಕೊಂಡಿದ್ದವರೂ ಮರೆಗೆ ಸಂದರು.

ಐರಿಷ್ ಛಾಯಾಗ್ರಾಹಕ ಆಂಡ್ರ್ಯೂ ಮೆಕಾನೆಲ್ ಮರಳಿ ಬರುವ ಗಗನಯಾತ್ರಿಗಳನ್ನೂ ಆ ಬಯಲಿನ ಹಳ್ಳಿಗರನ್ನೂ ಒಟ್ಟಿಗೆ ಚಿತ್ರಿಸಿದ್ದಾರೆ. ಅವನ್ನು ನಾನು ಚರಿತ್ರೆಯ ಆಕರವೆಂದೇ ಓದುತ್ತೇನೆ. ರಾಕೆಟ್ಟು ಕಳಚಿದ ಭಾಗಗಳು ಬೀಳುವುದು ಆ ಹುಲ್ಲುಗಾವಲಿನ ಮೇಲೆಯೇ. 2007ರಲ್ಲಿ ಜೆಜ್‌ಕಜ್ಗನ್ ಸಮೀಪ ಪ್ರೋಟಾನ್ ರಾಕೆಟ್ಟೊಂದು ವಿಷಮಯ ಇಂಧನದೊಡನೆ ಉರುಳಿತು. ಮೇಲೇರಿದವರನ್ನು ಇತಿಹಾಸ ಹೆಸರಿಟ್ಟು ಕರೆಯುತ್ತದೆ. ಕೆಳಗೆ ನಿಂತು ನೋಡಿದವರಿಗೆ ಈ ಚಿತ್ರಗಳೇ ಶಾಸನ.