ಚಳಿಗಾಲದ ಆಶ್ರಯ ಕೇಂದ್ರ: ವಸತಿದಾನದ ಒಂದು ರೂಪ

ಚಳಿಗಾಲದ ರಾತ್ರಿಗಳಲ್ಲಿ ಮನೆಯಿಲ್ಲದವರಿಗೆ ಮತ್ತು ಬಯಲು ಗುಡಿಸಲುಗಳಲ್ಲಿ ಇರುವವರಿಗೆ ಬೆಚ್ಚಗೆ ಮಲಗುವ ಜಾಗ, ಹೊದಿಕೆ ಹಾಗೂ ಬಿಸಿ ಆಹಾರ ಒದಗಿಸುವ ತಾತ್ಕಾಲಿಕ ವ್ಯವಸ್ಥೆಯೇ ಚಳಿಗಾಲದ ಆಶ್ರಯ ಕೇಂದ್ರ. ಶ್ರಾವಕರಿಗೆ ಇದು ಹೊಸ ಸೇವೆಯಲ್ಲ, ವಸತಿದಾನದ ಒಂದು ರೂಪ.

ಶಾಸ್ತ್ರದ ಹಿನ್ನೆಲೆ

ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ವೈಯಾವೃತ್ಯದಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಆವಾಸದಾನಕ್ಕೆ ಅಲ್ಲಿ ಬರುವ ದೃಷ್ಟಾಂತ ಒಂದು ಹಂದಿಯದು. ಟೀಕೆಯಲ್ಲಿರುವ ಕಥೆಯಂತೆ, ದೇವಿಲನೆಂಬ ಕುಂಬಾರ ಮತ್ತು ಧರ್ಮಿಲನೆಂಬ ಕ್ಷೌರಿಕ ಸೇರಿ ದಾರಿಹೋಕರಿಗಾಗಿ ಮನೆ ಕಟ್ಟಿಸಿದರು. ದೇವಿಲ ಅಲ್ಲಿ ಮುನಿಯೊಬ್ಬರನ್ನು ಇಳಿಸಿದ; ಧರ್ಮಿಲ ಅವರನ್ನು ಹೊರಹಾಕಿ ಬೇರೊಬ್ಬ ಪರಿವ್ರಾಜಕನನ್ನು ತಂದಿರಿಸಿದ. ಮುನಿಗಳು ಆ ರಾತ್ರಿ ಮರದಡಿಯಲ್ಲಿ ಚಳಿ, ಸೊಳ್ಳೆ ಸಹಿಸಿ ಕಳೆದರು. ಗೆಳೆಯರಿಬ್ಬರೂ ಜಗಳವಾಡಿ ಸತ್ತು ಹಂದಿ ಮತ್ತು ಹುಲಿಯಾಗಿ ಹುಟ್ಟಿದರು. ಗುಹೆಯಲ್ಲಿದ್ದ ಮುನಿಗಳನ್ನು ಹುಲಿಯಿಂದ ಕಾಯಲು ಹೋರಾಡಿ ಸತ್ತ ಹಂದಿ ಸ್ವರ್ಗ ಸೇರಿತು.

ಶೀತವು 22 ಪರೀಷಹಗಳಲ್ಲಿ ಒಂದು. ಮುನಿಗಳು ಅದನ್ನು ತಾವಾಗಿ ಒಪ್ಪಿ ಸಹಿಸುತ್ತಾರೆ, ಆದ್ದರಿಂದ ಅದು ತಪಸ್ಸು. ಬಡತನದಿಂದ ಚಳಿಗೆ ಸಿಕ್ಕವರದು ತಪಸ್ಸಲ್ಲ, ಕಷ್ಟ. ಅಂಥವರ ನೆರವಿಗೆ ಜಿನಸೇನಾಚಾರ್ಯರ ಆದಿಪುರಾಣವು ಪಾತ್ರದತ್ತಿಯ ಜೊತೆಗೇ ದಯಾದತ್ತಿಯನ್ನು ಹೇಳಿದೆ. ಇಲ್ಲಿ ಜಾತಿ, ಮತ, ಪಾತ್ರತೆಯ ವಿಚಾರಣೆ ಇಲ್ಲ.

ಬಾಡಗಂಡಿ ಪರಿಸರದಲ್ಲಿ ಅಗತ್ಯ

ಬೀಳಗಿ ತಾಲ್ಲೂಕಿನ ಬಾಡಗಂಡಿ ಹಾಗೂ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಆದರೆ ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಇಳಿಯುವುದುಂಟು. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕುಸಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ.

ಇದೇ ತಿಂಗಳುಗಳು ಕಬ್ಬು ನುರಿಸುವ ಹಂಗಾಮು. ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನೆರೆಯ ಜಿಲ್ಲೆಗಳಿಂದಲೂ ಬಂದ ಕಬ್ಬು ಕಟಾವಿನ ಕುಟುಂಬಗಳು ಹೊಲದ ಬದಿಯ ಗುಡಿಸಲುಗಳಲ್ಲಿ ಇರುತ್ತವೆ. ಹಸುಗೂಸು, ಬಾಣಂತಿ, ವೃದ್ಧರಿಗೆ ಇಬ್ಬನಿ ಬೀಳುವ ನಸುಕು ಅಪಾಯದ ಹೊತ್ತು. ಎತ್ತು, ಬಂಡಿ, ಸಾಮಾನು ಬಿಟ್ಟು ಎಲ್ಲರೂ ಕೇಂದ್ರಕ್ಕೆ ಬರಲಾರರು. ಹೀಗಾಗಿ ಕೌದಿ, ಕಂಬಳಿ, ತಾಡಪತ್ರಿ ಗುಡಿಸಲಿಗೇ ಮುಟ್ಟಬೇಕು. ಎತ್ತುಗಳ ಮೇಲೆ ಹೊದಿಸಲು ಗೋಣಿತಟ್ಟು ಕೊಡುವುದೂ ಜೀವದಯೆಯೇ.

ಸ್ಥಳ ಮತ್ತು ವ್ಯವಸ್ಥೆ

2005, 2009 ಮತ್ತು 2019ರ ನೆರೆಗಳಲ್ಲಿ ಕೃಷ್ಣಾ, ಘಟಪ್ರಭಾ ತೀರದ ಊರುಗಳಿಗೆ ಪರಿಹಾರ ಕೇಂದ್ರಗಳು ಪರಿಚಿತವಾಗಿವೆ. ಸಮುದಾಯ ಭವನ, ದೊಡ್ಡ ಪಾತ್ರೆ, ಸ್ವಯಂಸೇವಕರು ಎಂಬ ಅದೇ ವ್ಯವಸ್ಥೆ ಚಳಿಗೂ ಸಾಕು. ಬಸದಿಯಲ್ಲಿ ಮುನಿಸಂಘದ ವಾಸವಿದ್ದರೆ ಕೇಂದ್ರವನ್ನು ಬೇರೆ ಕಟ್ಟಡದಲ್ಲಿ ತೆರೆಯಬೇಕು.

ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯ ಮಾರ್ಗಸೂಚಿಯಲ್ಲಿ ಒಬ್ಬರಿಗೆ 50 ಚದರ ಅಡಿ ಜಾಗ ಹೇಳಿದೆ. 30 ಅಡಿ ಅಗಲ, 40 ಅಡಿ ಉದ್ದದ ಭವನದಲ್ಲಿ ಈ ಲೆಕ್ಕಕ್ಕೆ 24 ಜನ. ಮಹಿಳೆಯರು ಮತ್ತು ಮಕ್ಕಳಿಗೆ ಪ್ರತ್ಯೇಕ ಕೋಣೆ, ಬೆಳಕಿರುವ ಶೌಚಾಲಯ, ರಾತ್ರಿ ಎಚ್ಚರವಿರುವ ಇಬ್ಬರು ಬೇಕು. ಹೆಸರು ಬರೆದುಕೊಳ್ಳಬಹುದು, ಗುರುತಿನ ಚೀಟಿ ಇಲ್ಲವೆಂದು ಯಾರನ್ನೂ ಮರಳಿ ಕಳುಹಿಸಬಾರದು.

ಬೆಂಕಿಗಿಂತ ಹೊದಿಕೆ ಮೇಲು

ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಕಟ್ಟಿಗೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ, ವಾಸನೆ ಇಲ್ಲ. ಮಲಗಿದವರು ಮಲಗಿದಲ್ಲೇ ಸಾಯಬಹುದು. ರಾತ್ರಿಯ ಬೆಂಕಿಗೆ ಹುಳುಗಳು ಬಂದು ಬೀಳುತ್ತವೆ. ಪ್ರಾಣರಕ್ಷಣೆ, ಅಹಿಂಸೆ ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ: ಒಳಗೆ ಬೆಂಕಿ ಬೇಡ.

ನೆಲದಿಂದಲೂ ಚಳಿ ಬರುವುದರಿಂದ ಕೆಳಗೆ ಚಾಪೆಯ ಮೇಲೆ ದಪ್ಪ ಜಮಖಾನೆ ಹಾಸಬೇಕು. ಕಿಟಕಿಗಳಿಗೆ ಪರದೆ ಕಟ್ಟಿದರೂ ಗಾಳಿಯಾಡಲು ಸ್ವಲ್ಪ ತೆರವಿರಬೇಕು. ಹೊದಿಕೆಗಳನ್ನು ದಿನವೂ ಬಿಸಿಲಿಗೆ ಹಾಕಿದರೆ ತೇವ ಆರುತ್ತದೆ, ಜೀವೋತ್ಪತ್ತಿಯೂ ತಪ್ಪುತ್ತದೆ.

ಆಹಾರ ಮತ್ತು ಆರೈಕೆ

ಜೋಳದ ನುಚ್ಚು, ಬೇಳೆಸಾರು, ಬಿಸಿ ಹಾಲು ಸುಲಭ. ಸೂರ್ಯಾಸ್ತಕ್ಕೆ ಮುಂಚೆ ಅಡುಗೆ ಮುಗಿಸಿ ಬಡಿಸುವುದು ಶ್ರಾವಕರ ಅಡುಗೆಮನೆಯ ಕ್ರಮ. ಕೂಲಿಯವರು ಹೊಲದಿಂದ ಬರುವುದೇ ಕತ್ತಲಾದ ಮೇಲೆ. ಅವರ ಪಾಲನ್ನು ಬಿಸಿ ಡಬ್ಬಿಯಲ್ಲಿ ತುಂಬಿ ಹಗಲಿರುವಾಗಲೇ ಗುಡಿಸಲಿಗೆ ಕಳುಹಿಸಬಹುದು. ರಾತ್ರಿಭೋಜನ ತ್ಯಾಗ ವ್ರತಿಗಳ ನಿಯಮ, ಹಸಿದವರ ಮೇಲೆ ಹೇರುವ ಷರತ್ತಲ್ಲ. ಸೋಸಿ ಕಾಯಿಸಿದ ನೀರು ರಾತ್ರಿಯಿಡೀ ಇರಲಿ.

ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಜೀವಕ್ಕೆ ಅಪಾಯ. ಮಾತು ತೊದಲುವುದು, ಮಂಪರು, ಗಲಿಬಿಲಿ ಅದರ ಲಕ್ಷಣಗಳು. ಅಲ್ಲಿಯವರೆಗೂ ನಡುಗುತ್ತಿದ್ದವರ ನಡುಕ ನಿಂತರೆ ಸುಧಾರಿಸಿದರೆಂದು ತಿಳಿಯಬಾರದು, ಸ್ಥಿತಿ ಬಿಗಡಾಯಿಸಿರಬಹುದು. ಒದ್ದೆ ಬಟ್ಟೆ ತೆಗೆದು ತಲೆ, ಎದೆ ಮುಚ್ಚಿ ಹೊದಿಸಬೇಕು. ಪ್ರಜ್ಞೆ ಇದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಡಬೇಕು. ಕೈಕಾಲು ತಿಕ್ಕಬಾರದು, ಬೆಂಕಿಯ ಹತ್ತಿರ ಕೂರಿಸಬಾರದು. 108ಕ್ಕೆ ಕರೆ ಮಾಡಬೇಕು.

ಸ್ಥಳೀಯ ಪರಂಪರೆ

ಈ ಭಾಗದ ತೇರದಾಳದಲ್ಲಿ ಮಾಂಡಲಿಕ ಗೊಂಕ ನೇಮಿನಾಥ ಜಿನಾಲಯ ಕಟ್ಟಿಸಿ, ಮುನಿಗಳ ಆಹಾರದಾನಕ್ಕೆ ಭೂಮಿ ಬಿಟ್ಟ ವಿವರ ಕ್ರಿ.ಶ. 1123ರ ಶಾಸನದಲ್ಲಿದೆ. ಒಂದು ದಿನದ ಊಟಕ್ಕಲ್ಲ, ವರ್ಷವರ್ಷವೂ ನಡೆಯಲೆಂದು ಬಿಟ್ಟ ದತ್ತಿ ಅದು. ಆಶ್ರಯ ಕೇಂದ್ರಕ್ಕೂ ಇದೇ ಕ್ರಮ ಹಿತ. ದೀಪಾವಳಿಯ ಹೊತ್ತಿಗೆ ಹೊದಿಕೆ ಎಣಿಸಿಟ್ಟು, ಸರದಿ ಬರೆದಿಟ್ಟರೆ ಮೊದಲ ಶೀತಗಾಳಿಯ ರಾತ್ರಿಯೇ ಬಾಗಿಲು ತೆರೆದಿರುತ್ತದೆ.